ಬೇಕಲ ಕೋಟೆಯನ್ನು ಕಾದವರು

ಕಾಸರಗೋಡು ಕಡೆಯ ಈ ಬೇಕಲ ಕೋಟೆಗೆ ನಾನು ಹತ್ತಿ ಬಂದದ್ದು ನೀವೇ ನೋಡಿದ್ರಿ, ಅದನ್ನು ಹೇಳುವುದಿಲ್ಲ. ಬೇಕಲ ಅಂದ್ರೆ ಎಲ್ಲರಿಗೂ ಕೆಳದಿಯ ಅರಸ ಶಿವಪ್ಪ ನಾಯಕ ಕಟ್ಟಿಸಿದ್ದು, 1650ರ ಆಸುಪಾಸು. ಸರಿ. ಆದ್ರೆ ರಾತ್ರಿಯಿಡೀ ಎಚ್ಚರ ಇದ್ದು ಇದನ್ನು ಕಾದವರು ಯಾರು? ಕೋಟೆಯವರು, ಅಂದ್ರೆ ಈಗಿನ ರಾಮಕ್ಷತ್ರಿಯರು. ಬೇಕಲ, ಹೊಸದುರ್ಗದ (ಈಗಿನ ಕಾಞಂಗಾಡ್) ಬದಿಯಲ್ಲಿ ಆ ಮನೆಗಳು ಇವತ್ತಿಗೂ ಉಂಟು. ಮನೆಮಾತು ಕನ್ನಡ.

ಈ ದೊಡ್ಡ ಗೋಪುರವೇ ಕೋಟೆಯ ಜೀವ ಅಂತ ನನ್ನ ಲೆಕ್ಕ. ಅಲ್ಲ, ಇರಿ, ಈ ಕಿಂಡಿಗಳನ್ನು ನೋಡಿದ ಮೇಲೆ ಗೋಪುರ ಎರಡನೆಯದು. ಮೇಲಿನ ಕಿಂಡಿ ದೂರಕ್ಕೆ ಗುಂಡು ಹಾರಿಸಲು, ನಡುವಿನದು ಹತ್ತಿರ ಬಂದವನಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಮುಟ್ಟಿದವನಿಗೆ. ಮುರಕಲ್ಲಲ್ಲಿ, ಅಂದ್ರೆ ಜಂಬಿಟ್ಟಿಗೆಯಲ್ಲಿ, ಇಷ್ಟು ಲೆಕ್ಕದ ಕೆಲಸ!

ಈಗ ಮೈಕಿಗೆ ಹೊಡೀತಾ ಉಂಟಲ್ಲ, ಈ ಉಪ್ಪುಗಾಳಿ, ಕಾವಲಿನವರ ದೊಡ್ಡ ಶತ್ರು ಇದೇ ಮಾರಾಯ್ರೆ. ಕೋವಿಮದ್ದು ಅಂದ್ರೆ ನೂರು ಪಾಲಿನಲ್ಲಿ ಸುಮಾರು 75 ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಇದ್ದಿಲು, 10 ಗಂಧಕ. ಪೆಟ್ಲುಪ್ಪನ್ನು ಸರಿಯಾಗಿ ಶುದ್ಧ ಮಾಡದೆ ಅಡಿಗೆ ಉಪ್ಪಿನ ಅಂಶ ಉಳಿದರೆ ಅದು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಮದ್ದು ಗಂಟು ಕಟ್ಟುತ್ತದೆ. ಆಗ ಬಿಸಿಲಿಗೆ ಹರಡಿ ಒಣಗಿಸಬೇಕು, ಮರದ ಸಲಕರಣೆಯಲ್ಲೇ ಪುಡಿ ಮಾಡಬೇಕು; ಕಬ್ಬಿಣ ಕಲ್ಲಿಗೆ ತಾಗಿ ಕಿಡಿ ಹಾರಿದರೆ ಮುಗೀತು. ಆಟಿಯಲ್ಲಿ, ಆ ಜಡಿಮಳೆಯ ತಿಂಗಳಲ್ಲಿ, ಬಿಸಿಲು ಎಲ್ಲಿಂದ? ಕೋವಿಯ ಕಿವಿಯಲ್ಲಿ, ಅಂದ್ರೆ ಬೆಂಕಿ ತಾಗಿಸುವ ಬಟ್ಟಲಲ್ಲಿ, ಇಟ್ಟ ಚಿಟಿಕೆ ಮದ್ದು ಒದ್ದೆಯಾದರೂ ಸಾಕು, ಗುಂಡು ಹಾರುವುದಿಲ್ಲ. ಮದ್ದಿಗೆ ಬೆಂಕಿ ಕೊಡುವ ಜಾಮಗಿ ಬತ್ತಿಯೂ ಅಷ್ಟೇ, ಮಳೆಗೆ ನಂದುತ್ತದೆ. ಅಂಥ ರಾತ್ರಿ ನಂಬಿಕೆ ಇಡಬೇಕಾದದ್ದು ಈಟಿ, ಕತ್ತಿ, ಮುಚ್ಚಿದ ಬಾಗಿಲು, ಇಷ್ಟನ್ನೇ.

1763ರಲ್ಲಿ ಹೈದರ್ ಕೆಳದಿಯವರ ರಾಜಧಾನಿ ಬಿದನೂರು ಹಿಡಿದ ಮೇಲೆ ಈ ಕರಾವಳಿಯೂ ಮೈಸೂರಿನ ಕೈಗೆ ಬಂತು. ಮೈಸೂರಿನಲ್ಲಿ ಕಂದಾಚಾರದವರು ಅಂತ ಇದ್ದರು: ಊರಲ್ಲಿದ್ದಾಗ ಬೇಸಾಯ, ಕರೆ ಬಂದರೆ ಕೋಟೆ ಕಾವಲು, ಕಂದಾಯ ವಸೂಲಿಯ ಬೆಂಗಾವಲು, ಕಳ್ಳರ ಹಿಂದೆ ಓಟ. ಸಂಬಳದ ಒಂದು ಪಾಲು ಭೂಮಿಯ ರೂಪದಲ್ಲಿ. ಬರೀ ರೊಕ್ಕ ಕೊಟ್ಟು ನಿಲ್ಲಿಸಿದ ಸೈನಿಕನಿಗಿಂತ ಇವರೇ ಮೇಲು, ಊರಿನ ದಾರಿ, ಊರಿನ ಮುಖ ಎಲ್ಲ ಗೊತ್ತಿರುತ್ತದೆ. ಆದ್ರೆ ಅದೇ ತೊಂದರೆಯೂ ಹೌದು, ನೆಂಟನನ್ನು ಹಿಡಿಯಲು ಕೈ ಬರುವುದಿಲ್ಲ! ಘಟ್ಟದ ಮೇಲಿನ ಊರುಗಳಲ್ಲಿ ತಳವಾರ, ತೋಟಿ ಅಂತ ಬೇರೆಯೇ ಕಾವಲು ಇತ್ತು, ಬೆಳೆಯಲ್ಲಿ ಆಯ, ಅಂದ್ರೆ ಒಂದು ಪಾಲು, ಸಿಗುತ್ತಿತ್ತು... ಅದು ಇನ್ನೊಮ್ಮೆ, ಮದ್ದಿನ ಮನೆ ಬಂದೇ ಬಿಟ್ಟಿತು.

ಬೇಗ ಹೇಳ್ತೇನೆ. 1799ರಲ್ಲಿ ಟಿಪ್ಪು ಬಿದ್ದ, ಕೆನರಾ, ಅಂದ್ರೆ ಈ ಕರಾವಳಿ, ಈಸ್ಟ್ ಇಂಡಿಯಾ ಕಂಪನಿಗೆ ಹೋಯ್ತು, ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. 1859ರ ಮದ್ರಾಸ್ ಪೊಲೀಸ್ ಕಾಯ್ದೆ ಬಂದ ಮೇಲೆ ಕಾವಲು ಸಮವಸ್ತ್ರದ ಸಂಬಳದವರ ಕೆಲಸವಾಯ್ತು. ಈಗ ಈ ಮದ್ದಿನ ಮನೆಯನ್ನು ಒಂಟಿಯಾಗಿ ಕಟ್ಟಿದ್ದು ಗಮನಿಸಿ. ಸಿಡಿದರೂ ಪಕ್ಕದ್ದಕ್ಕೆ ಬೆಂಕಿ ಹತ್ತಬಾರದು, ಅದಕ್ಕೆ.