ಗುಜರಿಯಲ್ಲಿ ಸಿಕ್ಕ ಹುಡುಗಿ: ಅವಳ ಮೈ ಯಾರದ್ದು?

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ಜಪಾನಿ ಚಿತ್ರಕಥೆಯ, ಅಂದರೆ ಕಾಮಿಕ್ಸ್ ಪುಸ್ತಕದ, ಬಗ್ಗೆ ಮಾತಾಡುತ್ತೇನೆ. ಅದಕ್ಕಿಂತ ಜಾಸ್ತಿ, ಅದನ್ನು ಓದಿದವರು ತಮ್ಮತಮ್ಮಲ್ಲೇ ಮಾಡುವ ಜಗಳದ ಬಗ್ಗೆ. ಪುಸ್ತಕದ ಹೆಸರು ‘ಗನ್ಮು’. ಕಥೆ, ಚಿತ್ರ ಎರಡೂ ಯುಕಿತೊ ಕಿಶಿರೊ ಅವರದು. 1990ರಿಂದ 1995ರವರೆಗೆ ‘ಬಿಸಿನೆಸ್ ಜಂಪ್’ ಎಂಬ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಒಟ್ಟು 9 ಸಂಪುಟ. ಇಂಗ್ಲಿಷಿಗೆ ಹೋದಾಗ ಅದು ‘ಬ್ಯಾಟಲ್ ಏಂಜಲ್ ಅಲೀಟಾ’ ಆಯಿತು. 2019ರಲ್ಲಿ ಹಾಲಿವುಡ್ ಇದನ್ನು ಸಿನಿಮಾ ಮಾಡಿತು. ದೊಡ್ಡ ದೊಡ್ಡ ಕಣ್ಣಿನ ಹುಡುಗಿಯ ಆ ಪೋಸ್ಟರ್ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಮೊದಲೇ ಒಂದು ಮಾತು. ಕಥೆಯ ಗುಟ್ಟನ್ನು ನಾನು ಮುಚ್ಚಿಡುವುದಿಲ್ಲ. ಆ ಗುಟ್ಟು ಗೊತ್ತಿಲ್ಲದೆ ಓದುಗರ ಜಗಳ ಅರ್ಥವಾಗುವುದಿಲ್ಲ.

ಆಕಾಶದಲ್ಲಿ ತೂಗುವ ಒಂದು ನಗರ ಇದೆ. ಹೆಸರು ಜಲೆಮ್. ಅದರ ಕೆಳಗೆ, ನೆಲದ ಮೇಲೆ, ಒಂದು ಗುಜರಿ ಊರು. ಮೇಲಿನವರು ಬೇಡವೆಂದು ಎಸೆದ ಕಸವೆಲ್ಲ ಈ ಊರಿನ ನಡುವೆ ಬಂದು ಬೀಳುತ್ತದೆ. ಕೆಳಗಿನವರು ದುಡಿದು ತಯಾರಿಸಿದ ಸಾಮಾನೆಲ್ಲ ದೊಡ್ಡ ಕೊಳವೆಗಳಲ್ಲಿ ಮೇಲಕ್ಕೆ ಹೋಗುತ್ತದೆ. ಸಾಮಾನು ಹೋಗಬಹುದು, ಮನುಷ್ಯರು ಹೋಗುವ ಹಾಗಿಲ್ಲ. ಕೆಳಗಿನ ಊರಲ್ಲಿ ಪೊಲೀಸರಿಲ್ಲ. ತಲೆಗೆ ಇಷ್ಟು ಹಣ ಅಂತ ಗೊತ್ತುಮಾಡಿ, ಅಪರಾಧಿಗಳನ್ನು ಬೇಟೆಯಾಡುವವರು ಇದ್ದಾರೆ. ಜನರಲ್ಲಿ ಬಹಳಷ್ಟು ಮಂದಿಯ ಮೈ ಯಂತ್ರದ್ದು. ಕೈ ಹೋದರೆ ಲೋಹದ ಕೈ. ಪೂರ್ತಿ ಮೈ ಹೋದರೆ ಪೂರ್ತಿ ಲೋಹದ ಮೈ. ಮಿದುಳು ಮಾತ್ರ ಹುಟ್ಟಿದಾಗಿನದ್ದು.

ಇದೊ ಎಂಬ ವೈದ್ಯ ಇಂಥ ಮೈಗಳನ್ನು ರಿಪೇರಿ ಮಾಡುವವನು. ಒಂದು ದಿನ ಕಸದ ಗುಡ್ಡದಲ್ಲಿ ಅವನಿಗೆ ಒಂದು ಹುಡುಗಿಯ ತಲೆ ಸಿಗುತ್ತದೆ. ಮಿದುಳಿಗೆ ಇನ್ನೂ ಜೀವ ಇದೆ. ಆದರೆ ಅವಳಿಗೆ ಏನೂ ನೆನಪಿಲ್ಲ. ಇದೊ ಅವಳಿಗೆ ಹೊಸ ಮೈ ಕೂಡಿಸುತ್ತಾನೆ. ಸತ್ತುಹೋದ ತನ್ನ ಬೆಕ್ಕಿನ ಹೆಸರನ್ನೇ ಅವಳಿಗೆ ಇಡುತ್ತಾನೆ. ಜಪಾನಿಯಲ್ಲಿ ಆ ಹೆಸರು ಗ್ಯಾಲಿ, ಇಂಗ್ಲಿಷಿನಲ್ಲಿ ಅಲೀಟಾ. ನಾನು ಅಲೀಟಾ ಎಂದೇ ಹೇಳುತ್ತೇನೆ.

ಮೊದಲ ಜಗಳ ಇಲ್ಲೇ ಶುರು. ಇದೊ ಒಳ್ಳೆಯ ತಂದೆಯೋ, ಅಲ್ಲವೋ?

ಬಹಳ ಓದುಗರಿಗೆ ಇದೊ ಎಂದರೆ ಪ್ರೀತಿ. ಕಸದಿಂದ ಎತ್ತಿ ಜೀವ ಕೊಟ್ಟವನು. ಅವಳ ಸಲುವಾಗಿ ರಾತ್ರಿಯೆಲ್ಲ ದುಡಿಯುವವನು. ಅವನನ್ನು ದೂರುವವರು ಬೇರೆ ಕಡೆ ಕೈ ತೋರಿಸುತ್ತಾರೆ. ಅವಳು ಸುಂದರಿಯಾಗಿ, ಮುಗ್ಧೆಯಾಗಿ, ಮನೆಯಲ್ಲೇ ಇರಬೇಕು ಎಂಬುದು ಅವನ ಆಸೆ. ಅವಳು ಅವನ ಮಾತು ಮೀರಿ ತಾನೇ ಬೇಟೆಗಾರ್ತಿಯಾಗಿ ಹೆಸರು ನೋಂದಾಯಿಸುತ್ತಾಳೆ. ಅವನು ಕೊಟ್ಟ ಮೈ ಒಂದು ಕಾಳಗದಲ್ಲಿ ನುಚ್ಚುನೂರಾಗುತ್ತದೆ. ಆಗ ಬೇರೆ ದಾರಿಯಿಲ್ಲದೆ, ತಾನು ಬಚ್ಚಿಟ್ಟಿದ್ದ ಹಳೆಯ ಯುದ್ಧಕಾಲದ ‘ಬರ್ಸರ್ಕರ್’ ಮೈಯನ್ನು ಅವಳಿಗೆ ಕೂಡಿಸುತ್ತಾನೆ. ಅದು ಕೊಲ್ಲಲೆಂದೇ ಮಾಡಿದ ಮೈ. ಅವಳೋ ಆ ಮೈಯಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತಾಳೆಂದರೆ, ಓದುವವರಿಗೇ ಅವಳು ಈಗ ಸರಿಹೋದಳು ಅನ್ನಿಸುತ್ತದೆ.

ನಾನು ಇದೊನನ್ನು ದೂರುವವರ ಪಕ್ಷ. ಅವನು ಕೆಟ್ಟವನಲ್ಲ, ನಿಜ. ಅವನ ಪ್ರೀತಿಯಲ್ಲಿ ಕಪಟವೂ ಇಲ್ಲ. ಆದರೆ ಮೈ ಮಾಡಿಕೊಟ್ಟವನಿಗೆ ಆ ಮೈ ಹೇಗಿರಬೇಕು, ಏನು ಮಾಡಬೇಕು ಎಂದು ಹೇಳುವ ಹಕ್ಕು ಇದೆಯಾ? ಮಕ್ಕಳನ್ನು ಸಾಕಿದ ಎಲ್ಲ ಮನೆಗಳಲ್ಲೂ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ. ಕಿಶಿರೊ ಅದಕ್ಕೆ ನಟ್ಟು ಬೋಲ್ಟು ಹಾಕಿ ಕಣ್ಣಿಗೆ ಕಾಣುವ ಹಾಗೆ ಮಾಡಿದ್ದಾರೆ, ಅಷ್ಟೆ.

ಎರಡನೆಯ ಸಂಪುಟದಲ್ಲಿ ಹ್ಯೂಗೊ ಬರುತ್ತಾನೆ. ಈ ಹುಡುಗನಿಗೆ ಒಂದೇ ಕನಸು, ಜಲೆಮ್‌ಗೆ ಹೋಗಬೇಕು. ಆ ಊರಿನ ನಾಣ್ಯಕ್ಕೆ ಚಿಪ್ ಎಂದು ಹೆಸರು; ಒಂದು ಕೋಟಿ ಚಿಪ್ ಕೊಟ್ಟರೆ ಕಳಿಸಿಕೊಡುತ್ತೇನೆ ಎಂದು ಒಬ್ಬ ವ್ಯಾಪಾರಿ ಅವನಿಗೆ ಮಾತು ಕೊಟ್ಟಿದ್ದಾನೆ. ಆ ಹಣಕ್ಕಾಗಿ ಹುಡುಗ ರಾತ್ರಿ ಹೊತ್ತು ಯಂತ್ರದ ಮೈಯವರನ್ನು ಕೆಡವಿ, ಅವರ ಬೆನ್ನುಮೂಳೆ ಕಿತ್ತು ಮಾರುತ್ತಾನೆ. ಅಲೀಟಾ ಅವನನ್ನು ಪ್ರೀತಿಸುತ್ತಾಳೆ. ಗುಟ್ಟು ಬಯಲಾಗುತ್ತದೆ, ಹುಡುಗ ಸಾಯುವ ಹಂತಕ್ಕೆ ಬರುತ್ತಾನೆ. ಅವಳು ಅವನ ತಲೆಯನ್ನು ಉಳಿಸಿಕೊಳ್ಳುತ್ತಾಳೆ, ಇದೊ ಅವನಿಗೂ ಲೋಹದ ಮೈ ಕೊಡುತ್ತಾನೆ. ಎದ್ದ ಹುಡುಗ ಸೀದಾ ಹೋಗಿ ಜಲೆಮ್‌ನ ಕೊಳವೆಯನ್ನು ಹತ್ತತೊಡಗುತ್ತಾನೆ. ಹತ್ತುವವರನ್ನು ಕತ್ತರಿಸಲೆಂದೇ ಮೇಲಿನಿಂದ ಹಲ್ಲಿನ ಉಂಗುರವೊಂದು ಉರುಳಿ ಬರುತ್ತದೆ. ಅಲೀಟಾ ಅವನ ಕೈ ಹಿಡಿಯುತ್ತಾಳೆ. ಆ ಲೋಹದ ಕೈ ಕಿತ್ತು ಬರುತ್ತದೆ, ಹುಡುಗ ಕೆಳಗೆ ಹೋಗುತ್ತಾನೆ.

ಇಡೀ ಕಥೆಯಲ್ಲಿ ಇದಕ್ಕಿಂತ ಒಳ್ಳೆಯ ಭಾಗ ಇಲ್ಲ ಎನ್ನುವವರು ಬಹಳ. ಇದು ಸುಮ್ನೆ ಅಳಿಸಲು ಬರೆದದ್ದು, ಹುಡುಗ ಅಷ್ಟು ಪ್ರೀತಿಗೆ ಯೋಗ್ಯನಲ್ಲ ಎನ್ನುವವರೂ ಇದ್ದಾರೆ. ಯೋಗ್ಯತೆಯ ಲೆಕ್ಕ ನನಗೆ ಬೇಡ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಊರಿನ ಸಂತೆ. ಅಲ್ಲಿ ಬೆನ್ನುಮೂಳೆಗೆ ಒಂದು ದರ ಇದೆ. ಮೈಯನ್ನು ಬಿಡಿಭಾಗ ಮಾಡಿ ಕೊಳ್ಳುವವರಿದ್ದಾರೆ, ಆದ್ದರಿಂದ ಕೀಳುವವರೂ ಇದ್ದಾರೆ. ಹುಡುಗನ ಕನಸು ಎಷ್ಟು ಶುದ್ಧವೋ, ಅದಕ್ಕೆ ಬೇಕಾದ ಹಣ ಅಷ್ಟೇ ಕೊಳಕು.

ಮೂರು, ನಾಲ್ಕನೆಯ ಸಂಪುಟಗಳಲ್ಲಿ ಬರೀ ಆಟ. ಮೋಟರ್‌ಬಾಲ್ ಎಂಬ, ಚಕ್ರಗಳ ಮೇಲೆ ಓಡುತ್ತಾ ಒಬ್ಬರನ್ನೊಬ್ಬರು ಒಡೆದುಹಾಕುವ ಪಂದ್ಯ. ಚಿತ್ರಗಳಲ್ಲಿನ ವೇಗ ನೋಡಿ ಬೆರಗಾಗುವವರಿದ್ದಾರೆ. ಕಥೆ ಇಲ್ಲಿ ನಿಂತೇಹೋಯಿತು ಎಂದು ಬೇಜಾರಾಗುವವರೂ ಇದ್ದಾರೆ. ಜಶುಗನ್ ಎಂಬ ಚಾಂಪಿಯನ್ ಒಬ್ಬನಿಗಾಗಿ ನಾನು ಇದನ್ನು ಒಪ್ಪುತ್ತೇನೆ. ಉಳಿದದ್ದು ನನಗೂ ಉದ್ದವಾಯಿತು.

ಇನ್ನು ಗುಟ್ಟಿನ ವಿಷಯ.

ಇದೊ ಹುಟ್ಟಿದ್ದು ಜಲೆಮ್‌ನಲ್ಲಿ. ಅಲ್ಲಿಂದ ಹೊರಬಿದ್ದು ಕೆಳಗೆ ಬಂದವನು. ಅವನ ಹಣೆಯ ಮೇಲೆ ಒಂದು ಗುರುತು ಇದೆ, ಅದು ಜಲೆಮ್‌ನವರೆಲ್ಲರಿಗೂ ಇರುವ ಗುರುತು. ಕಥೆ ಮುಂದೆ ಹೋದಂತೆ ಡೆಸ್ಟಿ ನೋವಾ ಎಂಬ ಹುಚ್ಚು ವಿಜ್ಞಾನಿಯಿಂದ ಸತ್ಯ ಹೊರಬೀಳುತ್ತದೆ. ಜಲೆಮ್‌ನಲ್ಲಿ 19 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಒಂದು ದೀಕ್ಷೆ ನಡೆಯುತ್ತದೆ. ಅವರಿಗೆ ಗೊತ್ತಿಲ್ಲದ ಹಾಗೆ ಮಿದುಳನ್ನು ತೆಗೆದು, ಅದರಲ್ಲಿದ್ದುದನ್ನೆಲ್ಲ ನಕಲಿಳಿಸಿದ ಒಂದು ಕಂಪ್ಯೂಟರ್ ಚಿಪ್ಪನ್ನು ತಲೆಯೊಳಗೆ ಇಡುತ್ತಾರೆ. ಮೈ ಮಾತ್ರ ರಕ್ತಮಾಂಸದ್ದೇ.

ನೋಡಿ, ಲೆಕ್ಕ ಹೇಗೆ ತಿರುಗಿತು. ಕೆಳಗಿನ ಗುಜರಿ ಊರಲ್ಲಿ ಯಂತ್ರದ ಮೈಯೊಳಗೆ ಮನುಷ್ಯರ ಮಿದುಳು. ಮೇಲಿನ ನಗರದಲ್ಲಿ ಮನುಷ್ಯರ ಮೈಯೊಳಗೆ ಯಂತ್ರದ ಮಿದುಳು. ಇಷ್ಟು ದಿನ ಕೆಳಗಿನವರನ್ನು ಅರೆಮನುಷ್ಯರು ಎಂದು ನೋಡಿದವರು ಯಾರು? ಈಗ ಅವರ ಗತಿ ಏನು?

ಓದುಗರ ದೊಡ್ಡ ಜಗಳ ಇದೇ. ಚಿಪ್ಪು ಇಟ್ಟ ಮೇಲೆ ಆ ಮನುಷ್ಯ ಅವನೇನಾ? ಒಂದು ಪಕ್ಷ ಹೇಳುತ್ತದೆ, 19ನೇ ವಯಸ್ಸಿಗೆ ಅವರೆಲ್ಲ ಸತ್ತರು, ಓಡಾಡುತ್ತಿರುವುದು ನಕಲು. ಇನ್ನೊಂದು ಪಕ್ಷ ಕೇಳುತ್ತದೆ, ನೆನಪು ಅದೇ, ಸ್ವಭಾವ ಅದೇ, ಪ್ರೀತಿಸುವ ರೀತಿ ಅದೇ, ಮತ್ತೆ ಸತ್ತದ್ದು ಯಾವುದು?

ನಮ್ಮಲ್ಲಿ ಈ ಪ್ರಶ್ನೆ ಹೊಸದಲ್ಲ. ತಲೆಗಳು ಅದಲುಬದಲಾದ ಇಬ್ಬರಲ್ಲಿ ಗಂಡ ಯಾರು ಎಂದು ಬೇತಾಳ ಕೇಳಿದ. ತಲೆಯೇ ಅಂಗಗಳಲ್ಲಿ ಮೇಲು, ಗಂಡನ ತಲೆ ಯಾರಿಗಿದೆಯೋ ಅವನೇ ಗಂಡ ಎಂದು ವಿಕ್ರಮ ಉತ್ತರ ಕೊಟ್ಟ. ಕಾರ್ನಾಡರು ‘ಹಯವದನ’ದಲ್ಲಿ ಆ ಉತ್ತರವನ್ನು ಅಲ್ಲಿಗೇ ಬಿಡಲಿಲ್ಲ. ಬಂದ ಮೈಗೂ ತನ್ನದೇ ನೆನಪು ಇದೆ ಎಂದು ತೋರಿಸಿದರು. ಕಿಶಿರೊ ಕಥೆಯಲ್ಲಿ ವಿಕ್ರಮನ ಉತ್ತರ ಕೆಲಸಕ್ಕೇ ಬರುವುದಿಲ್ಲ. ತಲೆ ಅದೇ, ಹಣೆ ಅದೇ, ಒಳಗಿನ ಮಿದುಳು ಮಾತ್ರ ಇಲ್ಲ.

ಈ ಸತ್ಯ ತಿಳಿದಾಗ ಇದೊ ಕುಸಿದುಹೋಗುತ್ತಾನೆ. ಎಷ್ಟೋ ಯಂತ್ರದ ಮೈಗಳ ನಡುವೆ ತಾನೊಬ್ಬ ಇಡೀ ಮನುಷ್ಯ ಎಂದು ಬದುಕಿದ್ದವನು ಅವನು. ಕೊನೆಗೆ ಅವನು ತನ್ನ ನೆನಪನ್ನೇ ಅಳಿಸಿಕೊಳ್ಳುತ್ತಾನೆ. ಗುಟ್ಟಿನ ಜೊತೆ ಅಲೀಟಾಳೂ ಮರೆತುಹೋಗುತ್ತಾಳೆ. ವರ್ಷಗಟ್ಟಲೆ ಅವನನ್ನು ಹುಡುಕಿ ಅವಳು ಎದುರಿಗೆ ಬಂದು ನಿಂತಾಗ, ಅವನಿಗೆ ಅವಳ ಗುರುತೇ ಸಿಗುವುದಿಲ್ಲ.

ಇಲ್ಲಿ ಓದುಗರಿಗೆ ಸಿಟ್ಟು ಬರುತ್ತದೆ. ಇದು ಹೇಡಿತನ ಎನ್ನುತ್ತಾರೆ. ಮಗಳಂಥವಳನ್ನು ಮರೆತು ನೆಮ್ಮದಿ ಕೊಂಡುಕೊಂಡ ಎನ್ನುತ್ತಾರೆ. ಈ ಒಂದು ವಿಷಯದಲ್ಲಿ ನಾನು ಇದೊನ ಕಡೆ ನಿಲ್ಲುತ್ತೇನೆ. ಅವನ ಒಪ್ಪಿಗೆ ಕೇಳದೆ ಅವನ ತಲೆಯೊಳಗೆ ಕೈ ಹಾಕಿದವರು ಬೇರೆ. ತನ್ನ ತಲೆಯ ಬಗ್ಗೆ ಅವನು ತಾನೇ ತೆಗೆದುಕೊಂಡ ಮೊದಲ ತೀರ್ಮಾನ ಈ ಮರೆವು. ಅದು ಕ್ರೂರ, ಅಲೀಟಾಗೆ ಮಾಡಿದ ಅನ್ಯಾಯವೂ ಹೌದು. ಆದರೂ ಅದು ಅವನದೇ.

ನನಗೆ ಈ ಪುಸ್ತಕದಲ್ಲಿ ಮುಖ್ಯ ಅನ್ನಿಸುವುದೂ ಇದೇ. ‘ನಾನು ಯಾರು’ ಎಂದು ಎಲ್ಲರೂ ಕೇಳುತ್ತಾರೆ. ಅದು ಒಳ್ಳೆಯ ಪ್ರಶ್ನೆಯೇ. ಆದರೆ ಕಥೆಯ ಪುಟಪುಟದಲ್ಲೂ ಇರುವ ಪ್ರಶ್ನೆ, ಈ ಮೈ ಯಾರ ಕೈಯಲ್ಲಿದೆ? ಅಲೀಟಾಳ ಒಂದೊಂದು ಮೈಯೂ ಬೇರೆಯವರಿಂದ ಬಂದದ್ದು. ಮೊದಲನೆಯದು ಇದೊ ಕೊಟ್ಟದ್ದು. ಬರ್ಸರ್ಕರ್ ಮೈ ಸೈನ್ಯದ್ದು, ಆಮೇಲೆ ಅದೇ ಮೈ ಅವಳ ಶತ್ರುವಿನ ಪಾಲಾಗುತ್ತದೆ. ನಂತರ ಕಾನೂನು ಮುರಿದು ಸಾವಿನ ಶಿಕ್ಷೆ ಎದುರಾದಾಗ, ನಮ್ಮ ಕೆಲಸಕ್ಕೆ ಬಾ ಎಂದು ಜಲೆಮ್‌ನವರೇ ಅವಳಿಗೆ ಇನ್ನೊಂದು ಮೈ ಕೊಡುತ್ತಾರೆ. ಕೊಟ್ಟದ್ದಲ್ಲದೆ, ಅವಳ ಯುದ್ಧದ ಪಟ್ಟುಗಳನ್ನೆಲ್ಲ ದಾಖಲಿಸಿಕೊಂಡು ಅವಳದೇ ನಕಲುಗಳನ್ನು ತಯಾರಿಸುತ್ತಾರೆ. ಆಗ ಅವಳ ಕೈಚಳಕವೂ ಅವಳ ಸ್ವಂತದ್ದಾಗಿ ಉಳಿಯಲಿಲ್ಲ, ಅಲ್ವಾ?

ಇದೆಲ್ಲ ಬರೀ ಕಲ್ಪನೆ ಎಂದು ತಳ್ಳಿಹಾಕುವವರಿಗೆ ಒಂದು ನಿಜ ಸಂಗತಿ ಹೇಳುತ್ತೇನೆ. ಅಮೆರಿಕದ ಸೆಕೆಂಡ್ ಸೈಟ್ ಎಂಬ ಕಂಪನಿ ಆರ್ಗಸ್ 2 ಎಂಬ ಕೃತಕ ಕಣ್ಣನ್ನು ಮಾಡಿತ್ತು. ಕನ್ನಡಕದಲ್ಲಿ ಒಂದು ಸಣ್ಣ ಕ್ಯಾಮೆರಾ. ಅದು ಕಂಡದ್ದನ್ನು ಕಣ್ಣಿನೊಳಗೆ ಕೂರಿಸಿದ 60 ವಿದ್ಯುತ್ ಬಿಂದುಗಳಿಗೆ ಕಳಿಸುತ್ತದೆ. ಪೂರ್ತಿ ಕುರುಡಾದವರಿಗೆ ಬೆಳಕಿನ ಚುಕ್ಕಿಗಳಲ್ಲಿ ಬಾಗಿಲು, ಕಿಟಕಿ, ಎದುರು ನಿಂತ ಮನುಷ್ಯರ ಆಕಾರ ತಿಳಿಯುವಂತಾಯಿತು. 2013ರಲ್ಲಿ ಅಮೆರಿಕ ಸರಕಾರದ ಒಪ್ಪಿಗೆಯೂ ಸಿಕ್ಕಿತು. ಜಗತ್ತಿನಲ್ಲಿ ಸುಮಾರು 350 ಜನ ಇದನ್ನು ಹಾಕಿಸಿಕೊಂಡರು. ಆಮೇಲೆ ಕಂಪನಿ ಈ ಸಾಧನವನ್ನೇ ಕೈಬಿಟ್ಟಿತು. 2020ರಲ್ಲಿ ಕಂಪನಿ ಮುಚ್ಚುವ ಹಂತಕ್ಕೂ ಬಂತು. ಕಣ್ಣಿನೊಳಗೆ ಕೂತ ಯಂತ್ರ ಕೆಟ್ಟರೆ ರಿಪೇರಿಗೆ ಯಾರ ಹತ್ತಿರ ಹೋಗಬೇಕು? ಬಿಡಿಭಾಗ ಯಾರು ಕೊಡುತ್ತಾರೆ? ಹಾಕಿಸಿಕೊಂಡವರಿಗೆ ಉತ್ತರ ಇರಲಿಲ್ಲ.

ಆ ಸುದ್ದಿ ಓದಿದಾಗ ನನಗೆ ನೇರ ಗುಜರಿ ಊರು ನೆನಪಾಯಿತು. ಆ ಜನ ‘ನನ್ನ ಕಣ್ಣು’ ಎಂದೇ ಹೇಳುತ್ತಿದ್ದಿರಬೇಕು. ಅದರ ಸಾಫ್ಟ್‌ವೇರ್ ಮಾತ್ರ ಇನ್ನೊಬ್ಬರದು. ಯಂತ್ರ ಮೈಗೆ ಸೇರಿದರೆ ಮನುಷ್ಯತ್ವ ಕಡಿಮೆಯಾಗುತ್ತದೆ ಎಂಬ ಭಯ ನನಗಿಲ್ಲ. ಕಿವಿಯೊಳಗೆ ಯಂತ್ರ ಕೂರಿಸಿಕೊಂಡು ಮೊದಲ ಸಲ ತಾಯಿಯ ದನಿ ಕೇಳುವ ಮಗು ನಮ್ಮ ನಿಮ್ಮಷ್ಟೇ ಮನುಷ್ಯ. ಆ ಯಂತ್ರದ ಬೀಗದಕೈ ಯಾರ ಜೇಬಿನಲ್ಲಿದೆ ಎಂಬುದೇ ನನ್ನ ಭಯ.

ಕೊನೆಯದಾಗಿ, ಪುಸ್ತಕದ ಮುಕ್ತಾಯದ ಬಗ್ಗೆ ಇರುವ ಜಗಳ. 1995ರಲ್ಲಿ ಒಂಬತ್ತನೆಯ ಸಂಪುಟದೊಂದಿಗೆ ಕಥೆ ಮುಗಿಯಿತು. ಆದರೆ ಕಿಶಿರೊಗೆ ಆ ಮುಕ್ತಾಯ ಸಮಾಧಾನ ಕೊಡಲಿಲ್ಲ. ಕೆಲವು ವರ್ಷಗಳ ನಂತರ, ಮೊದಲಿನ ಕೊನೆಯ ಭಾಗವನ್ನು ಬದಿಗಿಟ್ಟು, ‘ಲಾಸ್ಟ್ ಆರ್ಡರ್’ ಎಂಬ ಮುಂದುವರಿಕೆ ಶುರುಮಾಡಿದರು. ಅದು 2014ರವರೆಗೆ ನಡೆಯಿತು. ಬಾಹ್ಯಾಕಾಶ, ಪಂದ್ಯ, ಪಂದ್ಯದೊಳಗೆ ಪಂದ್ಯ. ಹಳೆಯ ಓದುಗರಲ್ಲಿ ಬಹಳ ಜನಕ್ಕೆ ಇದು ಹಿಡಿಸಲಿಲ್ಲ. ಒಂಬತ್ತಕ್ಕೆ ನಿಲ್ಲಿಸಿ, ಮುಂದೆ ಓದಬೇಡಿ ಎಂದು ಹೊಸಬರಿಗೆ ಹೇಳುತ್ತಾರೆ.

ನಾನು ಹಾಗೆ ಹೇಳುವುದಿಲ್ಲ. ‘ಲಾಸ್ಟ್ ಆರ್ಡರ್’ನಲ್ಲಿ ಪಂದ್ಯಗಳು ಅತಿಯಾದವು, ಒಪ್ಪುತ್ತೇನೆ. ಆದರೆ ಅಲ್ಲಿ ಕಿಶಿರೊ ಒಂದು ಧೈರ್ಯದ ಕೆಲಸ ಮಾಡಿದ್ದಾರೆ. ಮೊದಲ ಕಥೆಯಲ್ಲಿ ಚಿಪ್ಪಿನ ಪ್ರಶ್ನೆ ಇದೊನದು, ಜಲೆಮ್‌ನವರದು. ಅಲೀಟಾ ಅದರಿಂದ ಹೊರಗಿದ್ದಳು. ಅವಳ ಮಿದುಳು ಅಸಲಿ ಎಂಬ ನೆಮ್ಮದಿ ಅವಳಿಗೂ ಇತ್ತು, ಓದುಗರಾದ ನಮಗೂ ಇತ್ತು. ಎರಡನೆಯ ಕಥೆಯಲ್ಲಿ ಆ ನೆಮ್ಮದಿಯನ್ನೂ ಕಿತ್ತುಕೊಳ್ಳುತ್ತಾರೆ. ಅವಳ ತಲೆಯೊಳಗೂ ಈಗ ಚಿಪ್ಪೇ ಇದೆ ಎಂದು ಗೊತ್ತಾಗುತ್ತದೆ. ಇಷ್ಟು ಸಂಪುಟ ಪ್ರೀತಿಸಿಕೊಂಡು ಬಂದ ಹುಡುಗಿಯನ್ನು ಆಗ ನಕಲು ಎಂದು ಕರೆಯಲು ಎಷ್ಟು ಓದುಗರಿಗೆ ಮನಸ್ಸು ಬಂದೀತು? ಜಲೆಮ್‌ನವರೆಲ್ಲ 19ಕ್ಕೇ ಸತ್ತರು ಎಂದು ವಾದಿಸಿದವರು ಇಲ್ಲಿಗೆ ಬಂದಾಗ ತಮ್ಮ ಮಾತನ್ನು ಇನ್ನೊಮ್ಮೆ ತೂಗಿ ನೋಡಲೇಬೇಕು.

ಓದಬೇಕು ಅನ್ನಿಸಿದವರು ಮೊದಲ ಎರಡು ಸಂಪುಟ ತೆಗೆದುಕೊಳ್ಳಿ. ಇದೊ, ಹ್ಯೂಗೊ ಇಬ್ಬರೂ ಅದರಲ್ಲೇ ಸಿಗುತ್ತಾರೆ. ರಕ್ತಪಾತ ಜಾಸ್ತಿ ಇದೆ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಜೊತೆಗೇ ಓದಿ. ಇದೊನ ವಿಷಯದಲ್ಲಿ ನೀವು ಒಂದು ಪಕ್ಷ, ಅವರು ಇನ್ನೊಂದು ಪಕ್ಷ ಆಗುವ ಸಾಧ್ಯತೆಯೇ ಹೆಚ್ಚು. ಆ ಜಗಳ ಮನೆಯಲ್ಲಿ ನಡೆಯಲಿ.

ನಮಸ್ಕಾರ.