ಕೀ ತಿರುಗಿತು, ಕಾರು ಏಳಲಿಲ್ಲ

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನನ್ನ ಹಳೆಯ ಕಾರು ಹಠ ಹಿಡಿಯಿತು. ಕೀ ತಿರುಗಿಸಿದರೆ ಸ್ಟೀರಿಂಗ್ ಮುಂದಿನ ಡ್ಯಾಶ್‌ಬೋರ್ಡಿನ ದೀಪಗಳು ಒಮ್ಮೆ ಹತ್ತುತ್ತವೆ, ಒಮ್ಮೆ ಇಲ್ಲ. ಕೀಯನ್ನು ಸ್ವಲ್ಪ ಅಲ್ಲಾಡಿಸಿದರೆ ಮತ್ತೆ ಜೀವ. ಬ್ಯಾಟರಿ ಹೋಯ್ತು ಅಂತ ತಾನೇ ನಾವು ಮೊದಲು ಅನ್ನೋದು? ಆದರೆ ಹೆಡ್‌ಲೈಟ್ ಮಂಕಾಗಿರಲಿಲ್ಲ, ಹಾರ್ನ್ ಕೂಡ ಗಟ್ಟಿಯಾಗಿತ್ತು. ಅಂದ ಮೇಲೆ ಬ್ಯಾಟರಿಯಲ್ಲ, ಕೀ ತಿರುಗಿಸಿದಾಗ ಕಾರಿಗೆ ಕರೆಂಟ್ ಹರಿಸುವ ಇಗ್ನಿಷನ್ ಸ್ವಿಚ್ಚೇ ಕೈಕೊಟ್ಟಿರಬೇಕು.

ಪರಿಚಯದ ಗ್ಯಾರೇಜಿನವರು "ಪೂರ್ತಿ ಲಾಕ್ ಸೆಟ್ಟೇ ಬದಲಿಸಬೇಕು" ಅಂದರು. ಜಾಸ್ತಿ ಜನ ಇಲ್ಲೇ ಸುಮ್ನೆ ದುಡ್ಡು ಕಳೆದುಕೊಳ್ಳುವುದು. ನಾವು ಕೀ ತೂರಿಸುವುದು ಲಾಕಿಗೆ. ಸ್ವಿಚ್ ಅನ್ನುವುದು ಎಷ್ಟೋ ಕಾರುಗಳಲ್ಲಿ ಅದರ ಬೆನ್ನಿಗೆ ಕೂತಿರುವ ಚಿಕ್ಕ ಪ್ಲಾಸ್ಟಿಕ್ ಡಬ್ಬಿ. ಅದರೊಳಗಿನ ಲೋಹದ ಪಟ್ಟಿಗಳು ವರ್ಷಾನುಗಟ್ಟಲೆ ಉಜ್ಜಿ ಸವೆಯುತ್ತವೆ, ಕಿಡಿಗೆ ಕಪ್ಪಾಗುತ್ತವೆ. ಲಾಕ್ ಚೆನ್ನಾಗಿದ್ದರೆ ಸ್ವಿಚ್ ಒಂದನ್ನೇ ಬದಲಿಸಿದರೆ ಸಾಕು. ಹಳೆಯ ಕೀಯೇ ನಡೆಯುತ್ತದೆ.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆ. ಹತ್ತರ ಸ್ಪ್ಯಾನರ್ ಸಾಕಾಯಿತು. ಏರ್‌ಬ್ಯಾಗ್ ಇರುವ ಕಾರಾದರೆ ಆಮೇಲೆ ಸ್ವಲ್ಪ ಹೊತ್ತು ಕಾಯಬೇಕು, ಹಳದಿ ವೈರುಗಳ ತಂಟೆಗೆ ಹೋಗಲೇಬಾರದು. ಸ್ಟೀರಿಂಗ್ ಕೆಳಗಿನ ಕವರ್ ತೆಗೆದರೆ ಸ್ವಿಚ್ ಕಾಣುತ್ತದೆ. ನನ್ನ ಕಾರಿನಲ್ಲಿ ಇದ್ದದ್ದು ಎರಡು ಸ್ಕ್ರೂ, ವೈರುಗಳನ್ನು ಸ್ವಿಚ್ಚಿಗೆ ಸೇರಿಸುವ ಒಂದು ಕಪ್ಲರ್, ಅಷ್ಟೇ. ಕಪ್ಲರನ್ನು ಅದರ ಕೊಂಡಿ ಒತ್ತಿ ಎಳೆಯಬೇಕು, ವೈರು ಹಿಡಿದು ಜಗ್ಗಬಾರದು. ಲಾಕನ್ನು ಹಿಡಿದಿರುವ ತಲೆಯಿಲ್ಲದ ಬೋಲ್ಟ್ ಕಂಡರೆ ಮುಟ್ಟಬೇಡಿ. ಕಳ್ಳರಿಗೆ ಬಿಚ್ಚಲು ಬರಬಾರದು ಅಂತಲೇ ಅದರ ತಲೆ ಮುರಿದಿರುತ್ತಾರೆ.

ಹೊಸ ಸ್ವಿಚ್ಚು ಮಾತ್ರ ಕೂರಲೇ ಇಲ್ಲ. ಎಷ್ಟು ಒತ್ತಿದರೂ ಊಹೂಂ. ಆಮೇಲೆ ಗೊತ್ತಾಯಿತು, ಲಾಕಿನ ನಾಲಿಗೆ ಒಂದು ದಿಕ್ಕಿಗೆ, ಸ್ವಿಚ್ಚಿನ ಸೀಳು ಇನ್ನೊಂದು ದಿಕ್ಕಿಗೆ! ಕೀ ತಿರುಗಿಸಿ ಎರಡನ್ನೂ ಹೊಂದಿಸಿದ ಕೂಡಲೇ ಕಟಕ್ ಅಂತ ಕೂತಿತು. ಇಷ್ಟಕ್ಕೆ ಇಪ್ಪತ್ತು ನಿಮಿಷ. ಪೆಡಲ್ ಕೆಳಗೆ ಬಿದ್ದ ಸ್ಕ್ರೂ ಹುಡುಕಲು ಅರ್ಧ ಗಂಟೆ.

ಕವರ್ ಹಾಕುವ ಮೊದಲು ಬ್ಯಾಟರಿ ಜೋಡಿಸಿ ನೋಡಿ. ಸ್ಟಾರ್ಟ್ ಆದ ಮೇಲೆ ಕೈ ಬಿಟ್ಟರೆ ಕೀ ತಾನಾಗಿಯೇ ಹಿಂದಕ್ಕೆ ಬರಬೇಕು. ಬರದಿದ್ದರೆ ಸ್ಟಾರ್ಟರ್ ಮೋಟಾರು ತಿರುಗುತ್ತಲೇ ಇದ್ದು ಸುಟ್ಟುಹೋದೀತು.

ಸಣ್ಣ ಸ್ವಿಚ್ ಅಂತ ಅಸಡ್ಡೆ ಬೇಡ. 2014ರಲ್ಲಿ ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್ ಇದೇ ಸ್ವಿಚ್ಚಿನ ದೋಷಕ್ಕೆ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಸಿತು. ಓಡುತ್ತಿರುವಾಗಲೇ ಕೀ ಜಾರಿ ಎಂಜಿನ್ ನಿಲ್ಲುತ್ತಿತ್ತು. ಸ್ಟೀರಿಂಗ್ ಭಾರವಾಗುತ್ತಿತ್ತು, ಡಿಕ್ಕಿಯಾದರೆ ಏರ್‌ಬ್ಯಾಗ್ ತೆರೆಯದೇ ಹೋಗುತ್ತಿತ್ತು. ಸ್ವಿಚ್ ಬದಲಾಗುವ ತನಕ ಕೀಗೆ ಬೇರೇನೂ ತೂಗುಹಾಕಬೇಡಿ ಅಂತ ಕಂಪನಿಯೇ ಹೇಳಿತ್ತು.

ಅದು ಆ ಕಾರುಗಳ ಮಾತು, ನಿಜ. ಆದರೂ ನನ್ನ ಗೊಂಚಲು ನೋಡಿಕೊಂಡೆ. ಮನೆ ಕೀ, ಬೀರು ಕೀ, ಸ್ಕೂಟರ್ ಕೀ, ಜಾತ್ರೆಯಲ್ಲಿ ಕೊಂಡ ಹಿತ್ತಾಳೆ ಗಂಟೆ. ಈಗ ಕಾರಿನ ಕೀ ಒಂಟಿಯಾಗಿದೆ. ಗಂಟೆ ದೇವರ ಮನೆ ಸೇರಿದೆ.

ನಮಸ್ಕಾರ.