ವಾಷಿಂಗ್ಟನ್ ಸೇನೆಯನ್ನು ದಡ ಮುಟ್ಟಿಸಿದ ಮೀನುಗಾರರು

ನಮಸ್ಕಾರ. ಬ್ರಿಟಿಷರ ವಿರುದ್ಧದ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಚಳಿಗಾಲದಲ್ಲಿ ಡೆಲವೇರ್ ನದಿ ದಾಟಿದ ಕಥೆ ಗೊತ್ತಲ್ವಾ? ಆದರೆ ಆ ದೋಣಿಗಳಿಗೆ ಹುಟ್ಟು ಹಾಕಿದ್ದು ಯಾರು?

ಮುಖ್ಯವಾಗಿ ಕರ್ನಲ್ ಜಾನ್ ಗ್ಲೋವರ್ ಅವರ ರೆಜಿಮೆಂಟ್. ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಊರು ಮ್ಯಾಸಚೂಸೆಟ್ಸ್‌ನ ಮಾರ್ಬಲ್‌ಹೆಡ್, ಮೀನುಗಾರರ ಬಂದರು. 1775ರಲ್ಲಿ ಬ್ರಿಟಿಷ್ ಸಂಸತ್ತು ಇವರು ಉತ್ತರ ಅಟ್ಲಾಂಟಿಕ್‌ನಲ್ಲಿ ಮೀನು ಹಿಡಿಯದಂತೆ ಕಾನೂನು ತಂದಿತು. ಹೊಟ್ಟೆಪಾಡಿಗೇ ಕಲ್ಲು ಬಿತ್ತು. ಗ್ಲೋವರ್ ಜೊತೆ ಬಂದೂಕು ಹಿಡಿದವರಲ್ಲಿ ಬಿಳಿಯರಷ್ಟೇ ಅಲ್ಲ, ಕಪ್ಪು ಜನ, ಮೂಲನಿವಾಸಿಗಳೂ ಇದ್ದರು.

ಈಗ 1776ರ ಆಗಸ್ಟ್ 29ರ ರಾತ್ರಿಗೆ ಬನ್ನಿ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

[ನಕ್ಷೆ: ಬ್ರೂಕ್ಲಿನ್, ಈಸ್ಟ್ ರಿವರ್]

ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್ ಕದನದಲ್ಲಿ ವಾಷಿಂಗ್ಟನ್ ಸೇನೆ ಸೋತು ಎರಡು ದಿನವಾಗಿದೆ. ಎದುರಿಗೆ ಬ್ರಿಟಿಷರು, ಬೆನ್ನ ಹಿಂದೆ ನದಿ. ಗಾಳಿ ಅನುಕೂಲವಾದರೆ ಬ್ರಿಟಿಷ್ ಯುದ್ಧನೌಕೆಗಳು ನದಿಯೊಳಗೆ ನುಗ್ಗುತ್ತವೆ. ಆಮೇಲೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಸುಮಾರು 9,000 ಜನ ಒಂದೇ ರಾತ್ರಿಯಲ್ಲಿ ನದಿಯ ಆಚೆ ದಡದ ಮ್ಯಾನ್‌ಹಟನ್ ಸೇರಬೇಕು.

ಅಗಲ ಸುಮಾರು ಒಂದು ಮೈಲಿ. ಸೆಳೆತ ಜೋರು. ಮಾತಾಡುವಂತಿಲ್ಲ. ಸದ್ದಾಗದಂತೆ ಹುಟ್ಟುಗಳಿಗೆ ಬಟ್ಟೆ ಸುತ್ತಿದ್ದಾರೆ. ಜನರ ಜೊತೆ ಕುದುರೆ, ಫಿರಂಗಿ, ದಿನಸಿ. ಭಾರಕ್ಕೆ ದೋಣಿಯ ಅಂಚು ನೀರಿಗೆ ತಾಗುವಷ್ಟು ಕೆಳಗಿದೆ. ನಮ್ಮ ರೈತ ಕತ್ತಲಲ್ಲೂ ತನ್ನ ಗದ್ದೆಯ ಬದುವಿನ ಮೇಲೆ ತಡವರಿಸದೆ ನಡೆಯುತ್ತಾನಲ್ಲ, ಇವರು ನೀರಿನ ಮೇಲೆ ಹಾಗೆ. ರಾತ್ರಿಯಿಡೀ ಹೋದರು, ಬಂದರು, ಮತ್ತೆ ಹೋದರು.

ಬೆಳಗಿನ ಮಂಜು ಸೇನೆಯನ್ನು ಉಳಿಸಿತು ಎನ್ನುವವರಿದ್ದಾರೆ. ಕೊನೆಗೆ ಉಳಿದಿದ್ದವರನ್ನು ಅದು ಮರೆಮಾಡಿದ್ದು ನಿಜ. ಆದರೆ ಅಷ್ಟು ಹೊತ್ತಿಗೆ ಹೆಚ್ಚಿನವರು ದಾಟಿದ್ದರು. ನನ್ನ ಪ್ರಕಾರ ಮೊದಲ ಮರ್ಯಾದೆ ಹುಟ್ಟು ಹಾಕಿದ ಕೈಗಳಿಗೇ ಸಲ್ಲಬೇಕು.

ಸಮಯ ಕಡಿಮೆ ಇದೆ, ಉಳಿದದ್ದು ಚುಟುಕಾಗಿ. ಅಕ್ಟೋಬರ್ 18ರಂದು ನ್ಯೂಯಾರ್ಕ್‌ನ ಪೆಲ್ಸ್ ಪಾಯಿಂಟ್‌ನಲ್ಲಿ ಗ್ಲೋವರ್ ಸುಮಾರು 750 ಜನರನ್ನು ಕಲ್ಲುಗೋಡೆಗಳ ಹಿಂದೆ ಕೂರಿಸಿ, ಬ್ರಿಟಿಷರ ಕಡೆಯ ಸುಮಾರು 4,000 ಜನರ ಪಡೆಯನ್ನು ತಡೆದರು. ಡಿಸೆಂಬರ್ 25ರ ರಾತ್ರಿ ಮಂಜುಗಡ್ಡೆ ತೇಲುತ್ತಿದ್ದ ಡೆಲವೇರ್‌ನಲ್ಲಿ 2,400 ಸೈನಿಕರು, 18 ಫಿರಂಗಿಗಳು ದಾಟಿದವು. ಹುಟ್ಟು ಹಾಕಿದವರೇ ಬೆಳಿಗ್ಗೆ ಟ್ರೆಂಟನ್ ಊರಿನ ಕದನದಲ್ಲಿ ಸೇತುವೆ ಹಿಡಿದು, ಶತ್ರು ಓಡುವ ದಾರಿ ಮುಚ್ಚಿದರು.

ವರ್ಷ ಮುಗಿಯಿತು, ಸೇವೆಯ ಅವಧಿಯೂ ಮುಗಿಯಿತು, ರೆಜಿಮೆಂಟ್ ಚದುರಿತು. ಗ್ಲೋವರ್ 1777ರಲ್ಲಿ ಬ್ರಿಗೇಡಿಯರ್ ಜನರಲ್ ಆದರು. ಸರಟೋಗದಲ್ಲಿ ಶರಣಾದ ಬ್ರಿಟಿಷ್ ಸೇನೆಯನ್ನು ಬಾಸ್ಟನ್ ಕಡೆಗೆ ಕಾವಲಿನಲ್ಲಿ ಕರೆದೊಯ್ದರು. 1782ರಲ್ಲಿ ಆರೋಗ್ಯ ಕೆಟ್ಟು ನಿವೃತ್ತರಾದರು.

ಪೆಲ್ಸ್ ಪಾಯಿಂಟ್ ಬಗ್ಗೆ ಪೂರ್ತಿ ವಿಡಿಯೋ ಬೇಕಿದ್ದರೆ ಹೇಳಿ, ಗೋಡೆಗೊಂದು ನಕ್ಷೆ ಹಾಕಿ ತೋರಿಸುತ್ತೇನೆ.